ಅಡಿಗೆಮನೆ ಕಟ್ಟೆ ಎಷ್ಟೆತ್ತರ? ಮುದ್ದೆ ತಿರುವೋರನ್ನ ಕೇಳಿ



ಈ ಸಲ ತೆಂಗಿನ ಬುಡದ ವಿಚಾರ ಅಲ್ಲ, ಅಡಿಗೆಮನೆ ವಿಚಾರ. ತೋಟ ಬಿಟ್ಟು ಇದೇನಪ್ಪ ಅಂತ ಅನ್ಕೋಬೇಡಿ. ಹೋದ ವರ್ಷದಿಂದ ನಮ್ಮ ಹುಳಿಯಾರು ಸುತ್ತಮುತ್ತ ಎಷ್ಟು ಮನೆಗಳಲ್ಲಿ ಅಡಿಗೆಮನೆ ಒಡೆದು ಹೊಸದಾಗಿ ಕಟ್ಟಿಸ್ತಿದಾರೆ ಅಂತ ನೀವೇ ನೋಡ್ತಿದೀರ. ಕಾರಣ ಎಲ್ಲರಿಗೂ ಗೊತ್ತು. 2023ರಲ್ಲಿ ತಿಪಟೂರು ಮಾರುಕಟ್ಟೇಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು, ಬೆಂಬಲ ಬೆಲೆಗೆ ಕೊಡೋಕೆ ಸಾಲು ನಿಂತಿದ್ವಿ. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿ ಹೋಯ್ತು. ಸಾಲ ತೀರಿಸಿ ಮಿಕ್ಕ ದುಡ್ಡಲ್ಲಿ ಕೆಲವರು ಬೋರು ಕೊರೆಸಿದರು, ಕೆಲವರು ಬೈಕು ತಗೊಂಡರು. ಬಹಳ ಮನೆಗಳಲ್ಲಿ ಹೆಣ್ಣುಮಕ್ಕಳು "ನಮ್ಮದೂ ಒಂದು ಸಲ ನೋಡಿ" ಅಂದ್ರು. ನ್ಯಾಯವಾದ ಮಾತು. ಹೊಗೆ ಕುಡಿದು ಕುಡಿದು ಸಾಕಾಗಿದೆ ಅವರಿಗೆ.

ಆದರೆ ಆ ದುಡ್ಡು ಸರಿಯಾದ ಕಡೆ ಬೀಳ್ತಿದೆಯಾ ಅನ್ನೋದೇ ನನ್ನ ಪ್ರಶ್ನೆ. ಎರಡು ವರ್ಷದಲ್ಲಿ ನೆಂಟರದು, ಅಕ್ಕಪಕ್ಕದವರದು ಸೇರಿ ಹತ್ತು ಹನ್ನೆರಡು ಹೊಸ ಅಡಿಗೆಮನೆ ನೋಡಿದೀನಿ. ಎಲ್ಲ ಒಂದೇ ಅಚ್ಚು. 33 ಇಂಚಿನ ಗ್ರಾನೈಟ್ ಕಟ್ಟೆ, ಮೇಲೆ ಗ್ಯಾಸ್ ಸ್ಟೌವ್, ತಲೆ ಮೇಲೆ ಬಣ್ಣದ ಕಬೋರ್ಡು, ಕೆಳಗೆ ಎಳೆಯೋ ಸ್ಟೀಲ್ ಬುಟ್ಟಿ. ನೋಡೋಕೆ ಬಹಳ ಚೆನ್ನಾಗಿದೆ. ಹಿತ್ತಲಿಗೆ ಹೋಗಿ ನೋಡಿದರೆ ಮೂರು ಕಲ್ಲು ಇಟ್ಟು, ಮಳೇಲಿ ನೆನೆಯೋ ಜಾಗದಲ್ಲಿ, ಆ ಮನೆ ಹೆಂಗಸು ಮುದ್ದೆಗೆ ಎಸರಿಟ್ಟಿರ್ತಾರೆ. ನಾಲ್ಕು ಲಕ್ಷ ಖರ್ಚು ಮಾಡಿದ ಮೇಲೂ ಮುದ್ದೆ ಹೊರಗೆ! ಹಂಗಾದರೆ ಒಳಗೆ ಕಟ್ಟಿದ್ದು ಯಾರಿಗೆ?

ಇದಕ್ಕೆ ಲೆಕ್ಕ ಇದೆ, ಕೇಳಿ.

ನಮ್ಮ ಮನೆ ಅಡಿಗೆಮನೆ ಕೆಲಸ ಶುರು ಮಾಡಿದಾಗ ಮೇಸ್ತ್ರಿ ಬಂದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ 33ಕ್ಕೆ ಗೆರೆ ಎಳೆದ. ನಮ್ಮ ಮನೆಯವಳು ಅಲ್ಲೇ ನಿಂತಿದ್ದಳು. ಒಳಗಿಂದ ಹಿಟ್ಟಿನ ಕೋಲು ತಂದು ಆ ಗೆರೆ ಮೇಲೆ ನಿಲ್ಲಿಸಿ, "ರೀ, ಇದರ ತುದಿ ನೋಡಿ ಎಲ್ಲಿಗೆ ಬರುತ್ತೆ. ನಾನು ಇದನ್ನ ಹೆಂಗೆ ಒತ್ತಲಿ? ಏಣಿ ಹತ್ತಲಾ?" ಅಂದಳು.

ಟೇಪ್ ಹಿಡಿದು ಅಳೆದ್ವಿ. ಕಟ್ಟೆ 33, ಸ್ಟೌವ್ 5, ಅಲ್ಲಿಗೆ 38 ಇಂಚು. ಪಾತ್ರೆ ತಳ ಅಲ್ಲಿರುತ್ತೆ. ಕೋಲು ಎರಡಡಿ, ಅಂದರೆ 24 ಇಂಚು. ಎರಡೂ ಸೇರಿ 62. ನಮ್ಮ ಮನೆಯವಳ ಎತ್ತರ ಐದಡಿ ಒಂದಿಂಚು, ಅಂದರೆ 61. ಕೋಲಿನ ತುದಿ ಅವಳ ನೆತ್ತಿಗಿಂತ ಒಂದಿಂಚು ಮೇಲೆ ಹೋಯ್ತು! ಮುದ್ದೆ ಗಂಟಿಲ್ಲದೆ ಬರಬೇಕಾದರೆ ಮೇಲಿಂದ ಮೈಭಾರ ಹಾಕಿ ಒತ್ತಬೇಕು. ಕೈ ತಲೆ ಮಟ್ಟದಲ್ಲಿದ್ದರೆ ಮೈಭಾರ ಎಲ್ಲಿಂದ ಬರುತ್ತೆ? ಬರೀ ತೋಳಿನ ಶಕ್ತಿ. ದಿನಕ್ಕೆ ಎರಡು ಹೊತ್ತು, ವರ್ಷಪೂರ್ತಿ. ಹೊಸ ಅಡಿಗೆಮನೆ ಆದ ಮೇಲೆ ಭುಜ ನೋವು ಅಂತ ಎಣ್ಣೆ ತಿಕ್ಕಿಸಿಕೊಳ್ಳೋ ಹೆಂಗಸರು ನಮ್ಮ ನೆಂಟರಲ್ಲೇ ಇದಾರೆ. ಮತ್ತೆ, ಸ್ಟೌವ್ ಮೇಲಿರೋ ಪಾತ್ರೆ ಕದಲದ ಹಾಗೆ ಹಿಡಿಯೋದಾದರೂ ಹೆಂಗೆ? ನೆಲದ ಮೇಲಾದರೆ ಕವೆಗೋಲು ಸಿಕ್ಕಿಸಿ ಕಾಲಲ್ಲಿ ಅದುಮಿ ಹಿಡಿಯಬಹುದು. ಗ್ರಾನೈಟ್ ಮೇಲೆ ಕಾಲಿಡೋಕಾಗುತ್ತಾ?

ಹಂಗಂತ ನೆಲಕ್ಕೇ ವಾಪಸ್ ಹೋಗಿ ಅಂತ ನಾನು ಹೇಳ್ತಿಲ್ಲ. ನಮ್ಮಮ್ಮನಿಗೆ ಎಪ್ಪತ್ತೆಂಟು. ಅರವತ್ತು ವರ್ಷ ನೆಲದ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಮಂಡಿ ಎರಡೂ ಹೋಗಿವೆ. ಈಗ ನೆಲಕ್ಕೆ ಕೂತರೆ ಎಬ್ಬಿಸೋಕೆ ಒಬ್ಬರು ಬೇಕು. ಹೊಗೆ ವಿಷಯವೂ ಹಂಗೇ. ಸೌದೆ, ಬೆರಣಿ, ಸೀಮೆಎಣ್ಣೆ ಥರದ ಉರುವಲಿನ ಹೊಗೆಯಿಂದ 2020ರಲ್ಲಿ ಒಂದೇ ವರ್ಷಕ್ಕೆ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಬಹಳ ಹೊತ್ತು ಒಲೆ ಮುಂದೆ ಇರೋರು ಹೆಂಗಸರು, ಪಕ್ಕದಲ್ಲಿ ಆಡ್ಕೊಂಡಿರೋ ಮಕ್ಕಳು. ಅದಕ್ಕೇ ಬದಲಾವಣೆ ಬೇಕೇ ಬೇಕು. ಯಾರ ಅಳತೆಗೆ ಬದಲಾಯಿಸ್ತೀವಿ ಅನ್ನೋದು ಮುಖ್ಯ.

ಈ 33 ಇಂಚಿನ ಅಚ್ಚು ಎಲ್ಲಿಂದ ಬಂತು ಅಂತ ಬೆಂಗಳೂರಲ್ಲಿರೋ ಮಗಳನ್ನ ಕೇಳಿದೆ. ಅವಳು ಓದಿ ಹೇಳಿದ ಕಥೆ ಚೆನ್ನಾಗಿದೆ. ಮೊದಲನೇ ಮಹಾಯುದ್ಧ ಆದ ಮೇಲೆ ಜರ್ಮನಿಯಲ್ಲಿ ಮನೆಗಳಿಗೆ ಬರ. ಫ್ರಾಂಕ್‌ಫರ್ಟ್ ಊರಲ್ಲಿ ಕೂಲಿ ಕಾರ್ಮಿಕರಿಗೆ ಸಾಲುಸಾಲು ಮನೆ ಕಟ್ಟಿದರು. ಅದಕ್ಕೆ 1926ರಲ್ಲಿ ಮಾರ್ಗರೆಟೆ ಶುಟೆ-ಲಿಹೋಟ್ಸ್ಕಿ ಅನ್ನೋ ಹೆಣ್ಣುಮಗಳು, ವಾಸ್ತುಶಿಲ್ಪಿ, ಒಂದು ಅಡಿಗೆಮನೆ ನಕ್ಷೆ ಮಾಡಿದರು. ಅಡಿಗೆ ಮಾಡುವಾಗ ಹೆಂಗಸು ಎಷ್ಟು ಹೆಜ್ಜೆ ನಡೀತಾಳೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ, ಸುಮಾರು ಆರಡಿ ಅಗಲ ಹನ್ನೊಂದಡಿ ಉದ್ದದಲ್ಲಿ ಎಲ್ಲ ಕೈಗೆ ಸಿಗೋ ಹಾಗೆ ಜೋಡಿಸಿದರು. ಅಂಥವು ಸುಮಾರು ಹತ್ತು ಸಾವಿರ ಆದವು. ಇವತ್ತಿನ ಮಾಡ್ಯುಲರ್ ಕಿಚನ್ನಿಗೆಲ್ಲ ಅದೇ ತಾಯಿಬೇರು. ಒಂದು ಮಾತು ಗಮನಿಸಿ. ಅದನ್ನ ಮಾಡುವಾಗ ತಾನು ಮನೆ ನಡೆಸಿದವಳೇ ಅಲ್ಲ, ಅಡಿಗೆ ಮಾಡಿದವಳೂ ಅಲ್ಲ ಅಂತ ಆಯಮ್ಮನೇ ಆಮೇಲೆ ಹೇಳ್ಕೊಂಡಿದಾರೆ. ಆದರೂ ಅಳೆದು ಮಾಡಿದರು, ಆ ಮನೆಗಳಿಗೆ ಅದು ಉಪಕಾರವೇ ಆಯ್ತು. ಬಂದ ದೂರುಗಳಲ್ಲಿ ಒಂದು, ಒಬ್ಬರಿಗಿಂತ ಹೆಚ್ಚು ಜನ ಅದರಲ್ಲಿ ಕೆಲಸ ಮಾಡೋಕಾಗಲ್ಲ ಅಂತ.

ಈಗ ನಮ್ಮ ಮನೆ ನೋಡಿ. ಹಬ್ಬ ಬಂದರೆ ಒಬ್ಬರು ಹೋಳಿಗೆ ತಟ್ತಾರೆ, ಒಬ್ಬರು ಬೇಯಿಸ್ತಾರೆ, ಒಬ್ಬರು ಕಾಯಿ ತುರೀತಾರೆ, ಬಾಗಿಲಲ್ಲಿ ಒಬ್ಬರು ಕೂತು ಹೇಗೆ ಮಾಡಬೇಕು ಅಂತ ಹೇಳ್ತಾರೆ. ಆರಡಿ ಅಗಲದಲ್ಲಿ ನಡೆಯುತ್ತಾ?

ನಮ್ಮ ಹೆಂಗಸರ ಕೆಲಸ ನೋಡಿಯೇ ಮಾಡಿದ್ದು ಒಂದಿದೆ, ಅದೂ ನಮ್ಮ ಜಿಲ್ಲೇಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಹಳ್ಳಿಗಳಿಗೆ ಆಗೋ ಕೆಲಸಕ್ಕೆ ಅಂತ 'ಅಸ್ತ್ರ' ಅನ್ನೋ ವಿಭಾಗ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ. 1980ರ ದಶಕದಲ್ಲಿ ಅವರು ಕೊಟ್ಟ ಅಸ್ತ್ರ ಒಲೆ ವಯಸ್ಸಾದವರಿಗೆ ನೆನಪಿರುತ್ತೆ. ಮೂರು ಪಾತ್ರೆ ಸಾಲಾಗಿ ಕೂರುತ್ತೆ, ಸೌದೆ ಕೆಳಗೆ ಕಬ್ಬಿಣದ ಜಾಲರಿ ಇದ್ದು ಅಡಿಯಿಂದ ಗಾಳಿ ಬರುತ್ತೆ, ಹೊಗೆ ಕೊಳವೇಲಿ ಮೇಲಕ್ಕೆ ಹೋಗುತ್ತೆ. ಅದೇ ಸೌದೇಲಿ ಜಾಸ್ತಿ ಅಡಿಗೆ, ಕಣ್ಣಿಗೆ ಹೊಗೆ ಇಲ್ಲ. ಅಂಥ ಒಲೆಗೆ ಪಾತ್ರೆ ಅಳತೆ ಮುಖ್ಯ. ತೂತಿಗಿಂತ ಚಿಕ್ಕ ಪಾತ್ರೆ ಇಟ್ಟರೆ ಸಂದಿಯಿಂದ ಹೊಗೆ ಬರುತ್ತೆ. ಕೊಳವೆ ಮಸಿ ತೆಗೀದಿದ್ದರೆ ಹೊಗೆ ವಾಪಸ್ ಮನೆಯೊಳಗೆ. ಎಷ್ಟೋ ಮನೇಲಿ ಅಂಥ ಒಲೆ ಬಿದ್ದು ಹೋಗಿದ್ದು ಈ ಎರಡು ಕಾರಣಕ್ಕೇ. ಒಲೆ ಕಟ್ಟೋಕೆ ಮುಂಚೆ ಆ ಮನೆ ಪಾತ್ರೆ ತರಿಸಿ ಅಳೆಯಬೇಕು ಅನ್ನೋದು ಇದರ ಪಾಠ.

ಇನ್ನು ನಮ್ಮ ಮನೇಲಿ ಏನು ಮಾಡಿದ್ವಿ ಅಂತ ಹೇಳ್ತೀನಿ. ಮೇಸ್ತ್ರಿಗೆ ಒಂದು ದಿನ ರಜಾ ಕೊಟ್ಟು ಮೂರೂ ಜನ ಹೆಂಗಸರನ್ನ ಗೋಡೆಗೆ ನಿಲ್ಲಿಸಿ ಮೊಣಕೈ ಎತ್ತರ ಗುರುತು ಮಾಡಿದ್ವಿ. ಅಮ್ಮನದು 36, ನಮ್ಮ ಮನೆಯವಳದು 38, ಸೊಸೇದು 40 ಇಂಚು ಬಂತು. ಹೆಚ್ಚೋ ಕೆಲಸಕ್ಕೆ ಮೊಣಕೈಗಿಂತ ನಾಲ್ಕು ಇಂಚು ತಗ್ಗಿದ್ದರೆ ಬೆನ್ನು ಬಾಗಲ್ಲ, ಭುಜ ಏರಲ್ಲ. ಹಾಗಾಗಿ ಒಂದೇ ಉದ್ದನೆ ಕಟ್ಟೆ ಬಿಟ್ಟು ಮೂರು ಮಟ್ಟ ಮಾಡಿದ್ವಿ.

ಒಂದನೇದು, ಹೆಚ್ಚೋ ಕಟ್ಟೆ, 34 ಇಂಚು. ಸೊಸೆ ಮತ್ತು ಅತ್ತೆ ಇಬ್ಬರಿಗೂ ಹೊಂದೋ ಹಾಗೆ. ಸೊಸೆಗೆ ಎರಡಿಂಚು ಕಡಿಮೆ ಆಯ್ತು. "ಮಾವ, ನಾನು ದಪ್ಪ ಹಲಗೆ ಇಟ್ಕೊಂಡು ಹೆಚ್ತೀನಿ ಬಿಡಿ" ಅಂದಳು. ತಗ್ಗಿರೋದನ್ನ ಹಲಗೆ ಇಟ್ಟು ಎತ್ತರ ಮಾಡ್ಕೋಬಹುದು. ಎತ್ತರ ಇರೋದನ್ನ ತಗ್ಗಿಸೋಕಾಗಲ್ಲ. ಕುಳ್ಳಗಿರೋರ ಕಡೆಗೇ ವಾಲಿಸಿ.

ಎರಡನೇದು, ಗ್ಯಾಸ್ ಕಟ್ಟೆ, 27 ಇಂಚು. ಇದಕ್ಕಿಂತ ಇಳಿಸಬೇಡಿ. ಮನೆ ಸಿಲಿಂಡರು ಎರಡಡಿ ಮೇಲೆ ಇನ್ನೂ ಸ್ವಲ್ಪ ಇರುತ್ತೆ. ಸ್ಟೌವ್ ಯಾವಾಗಲೂ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು ಅನ್ನೋದು ಸುರಕ್ಷತೆ ನಿಯಮ. ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡಿ ಕೂರುತ್ತೆ. ಅದಕ್ಕೇ ಗ್ಯಾಸ್ ಸ್ಟೌವ್ ನೆಲದ ಮೇಲಿಟ್ಟು ಅಡಿಗೆ ಮಾಡೋದು ಅಪಾಯ. ನಮ್ಮ ಕಡೆ ಮುದ್ದೆಗೋಸ್ಕರ ಹಾಗೆ ಮಾಡೋರು ಇದಾರೆ, ದಯವಿಟ್ಟು ಬಿಟ್ಟುಬಿಡಿ. 27ರ ಕಟ್ಟೆ ಮೇಲೆ ಸ್ಟೌವ್ ಇಟ್ಟರೆ ಪಾತ್ರೆ ತಳ 32ಕ್ಕೆ ಬರುತ್ತೆ. ಸಾರು ಕುದಿಯೋದು ಇಣುಕಿ ನೋಡಬಹುದು, ಕೈ ಮೇಲೆತ್ತೋ ಹಾಗಿಲ್ಲ.

ಮೂರನೇದು, ಅದರ ಪಕ್ಕಕ್ಕೇ ಹೊಂದಿಕೊಂಡು ಹಿಟ್ಟಿನ ಕಟ್ಟೆ, 15 ಇಂಚು ಎತ್ತರ, ನಾಲ್ಕಡಿ ಉದ್ದ, ಎರಡಡಿ ಅಗಲ. ಇಟ್ಟಿಗೆ ಮೇಲೆ ದಪ್ಪ ಕಲ್ಲು ಚಪ್ಪಡಿ. ಸ್ಟೌವ್ ಕಡೆ ತುದೀಲಿ ಪಾತ್ರೆ ತಳ ಕೂರೋ ಹಾಗೆ ಅರ್ಧ ಇಂಚು ದುಂಡನೆ ತಗ್ಗು ಹೊಡೆಸಿದೀವಿ, ಹಿಂದೆ ಗೋಡೆ ಒತ್ತು. ಹಿಟ್ಟು ಬೆಂದ ಮೇಲೆ ಪಾತ್ರೆ ಪಕ್ಕಕ್ಕೇ ಇಳಿಸಿ, ಕವೆಗೋಲು ಸಿಕ್ಕಿಸಿ ತೊಡೇಲಿ ಒತ್ತಿ ಹಿಡಿದು ನಿಂತೇ ತಿರುವಬಹುದು. 15 ಮತ್ತು 24 ಸೇರಿ 39, ಕೋಲಿನ ತುದಿ ನಮ್ಮ ಮನೆಯವಳ ಮೊಣಕೈ ಹತ್ತಿರ ಬಂತು. ಮೈಭಾರ ಪೂರ್ತಿ ಕೋಲಿಗೆ. ಮುದ್ದೆ ಕಟ್ಟೋದೂ ಅದೇ ಕಲ್ಲ ಮೇಲೆ. ಕುದಿಯೋ ಪಾತ್ರೆ ಹಿಡ್ಕೊಂಡು ಎರಡು ಹೆಜ್ಜೆಯೂ ನಡೆಯಬಾರದು. ಅದಕ್ಕೇ ಎರಡು ಕಟ್ಟೆ ಒಂದಕ್ಕೊಂದು ಅಂಟಿಕೊಂಡಿರಬೇಕು.

ಈ ಕಟ್ಟೆಯಿಂದ ಇನ್ನೊಂದು ಉಪಯೋಗ ಆಯ್ತು, ನಮಗೆ ಅದೇ ದೊಡ್ಡದು. ಉಳಿದ ತುದಿ ಅಮ್ಮನ ಜಾಗ. 15 ಇಂಚು ಅಂದರೆ ಅವರು ಕಾಲು ಇಳಿಬಿಟ್ಟು ಕೂರೋಕೆ, ಯಾರ ಸಹಾಯವೂ ಇಲ್ಲದೆ ಏಳೋಕೆ ಸರಿಯಾದ ಎತ್ತರ. ತುರೆಮಣೆ ಅಲ್ಲೇ ಇಟ್ಕೊಂಡು ದಿನಾ ಎರಡು ಹೋಳು ಕಾಯಿ ತುರೀತಾರೆ, ಸೊಪ್ಪು ಸೋಸ್ತಾರೆ, ಅವರೆಕಾಯಿ ಸುಲೀತಾರೆ. ಕೂತ ಜಾಗದಿಂದಲೇ, "ಉಪ್ಪು ಹಾಕಿದ್ಯೇನವ್ವ?" ಅಂತ ಸೊಸೆ ಮೊಮ್ಮಗಳು ಸೊಸೆ ಎಲ್ಲರನ್ನೂ ವಿಚಾರಿಸ್ಕೊಳ್ತಾರೆ.

ಇದನ್ನ ಯಾಕೆ ದೊಡ್ಡದು ಅಂದೆ ಅಂದರೆ, ನಮ್ಮ ನೆಂಟರ ಮನೆಯೊಂದರಲ್ಲಿ ಆಗಿದ್ದು ಹೇಳಬೇಕು. ಅಲ್ಲಿನ ಅಜ್ಜಿ ಊರಿಗೇ ಹೆಸರಾದ ಕೈರುಚಿ. ಹೊಸ ಅಡಿಗೆಮನೆ ಆಯ್ತು. ಕಟ್ಟೆ ಅವರ ಎದೆ ಮಟ್ಟಕ್ಕೆ, ಡಬ್ಬಿ ಎಲ್ಲ ತಲೆ ಮೇಲೆ, ಕೂರೋಕೆ ಒಂದು ಮಣೆ ಹಾಕೋ ಜಾಗವೂ ಇಲ್ಲ, ನೆಲ ನುಣ್ಣಗೆ ಜಾರುತ್ತೆ. ಯಾರೂ ಅವರನ್ನ ಒಳಗೆ ಬರಬೇಡಿ ಅನ್ನಲಿಲ್ಲ. ಆದರೆ ಅವರು ಬರೋದು ತಾನಾಗೇ ನಿಂತುಹೋಯ್ತು. ಈಗ ಪಡಸಾಲೇಲಿ ಟಿವಿ ಮುಂದೆ ಕೂರ್ತಾರೆ. ಹೋದಾಗ ಮಾತಾಡಿಸಿದರೆ, "ನನ್ನ ಕೆಲಸ ಮುಗೀತು ಕಣಪ್ಪ" ಅಂದ್ರು. ಕೈಕಾಲು ಗಟ್ಟಿಯಾಗಿರೋವಾಗಲೇ ಒಬ್ಬರ ಕೆಲಸ ಮುಗಿಸೋ ಅಷ್ಟು ಶಕ್ತಿ ಒಂದು ಗ್ರಾನೈಟ್ ಕಲ್ಲಿಗಿದೆ. ಮಕ್ಕಳು ಕೆಟ್ಟವರಲ್ಲ. ಪ್ರೀತಿಯಿಂದಲೇ ಕಟ್ಟಿಸಿದ್ದು. ಅಳತೆ ತಗೊಳ್ಳುವಾಗ ಯಾರೂ ಅವರನ್ನ ಕರೀಲಿಲ್ಲ, ಅಷ್ಟೆ.

ನಮ್ಮ ಮನೆ ಅಳತೆ ನಿಮ್ಮ ಮನೆಗೆ ಹಾಗೇ ತಗೊಂಡು ಹೋಗಬೇಡಿ. ಒಂದೊಂದು ಮನೆಗೆ ಒಂದೊಂದು ಥರ.

ಮಕ್ಕಳೆಲ್ಲ ಬೆಂಗಳೂರು ಸೇರಿ ಗಂಡ ಹೆಂಡತಿ ಇಬ್ಬರೇ ಇರೋ ಮನೆಗಳು ಈಗ ಊರಲ್ಲಿ ಬೇಕಾದಷ್ಟಿವೆ. ಅವರಿಗೆ ದೊಡ್ಡ ಅಡಿಗೆಮನೆ ಬೇಡ. ಸ್ಟೌವ್, ನೀರು, ಹೆಚ್ಚೋ ಜಾಗ ಮೂರೂ ಎರಡು ಹೆಜ್ಜೇಲಿ ಸಿಗಬೇಕು. ಭುಜಕ್ಕಿಂತ ಮೇಲೆ ಏನೂ ಇಡಬೇಡಿ. ಸ್ಟೂಲ್ ಹತ್ತಿ ಡಬ್ಬಿ ತೆಗೆಯೋಕೆ ಹೋಗಿ ಬಿದ್ದು ಸೊಂಟ ಮುರ್ಕೊಂಡರೆ ಕಬೋರ್ಡಿನ ಹತ್ತರಷ್ಟು ಖರ್ಚು. ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಬಂದಾಗ ಆಗಲಿ ಅಂತ ಹಿತ್ತಲಲ್ಲಿ ನೆರಳು ಮಾಡಿ ಒಂದು ದೊಡ್ಡ ಒಲೆ ಇಟ್ಕೊಳ್ಳಿ. ವರ್ಷದಲ್ಲಿ ಹತ್ತು ದಿನದ ಕೆಲಸಕ್ಕೆ ಉಳಿದ ಮುನ್ನೂರೈವತ್ತು ದಿನ ಗುಡಿಸಬೇಕಾಗಿಲ್ಲ.

ಅಣ್ಣತಮ್ಮಂದಿರು ಭಾಗ ಆಗಿ ಬೇರೆ ಒಲೆ ಹೂಡೋ ಮನೆ. ಹಳೇ ಅಡಿಗೆಮನೆ ಮಧ್ಯಕ್ಕೆ ಗೋಡೆ ಎಳೆಯೋದೇ ನಮ್ಮಲ್ಲಿ ವಾಡಿಕೆ. ಗೋಡೆ ಎಳೆಯೋ ಮುಂಚೆ ಕಿಟಕಿ ಯಾರ ಕಡೆ ಹೋಗುತ್ತೆ, ಬಚ್ಚಲ ನೀರು ಯಾವ ಕಡೆ ಹರಿಯುತ್ತೆ ನೋಡಿ. ಒಬ್ಬರಿಗೆ ಕಿಟಕಿ, ಇನ್ನೊಬ್ಬರಿಗೆ ಕತ್ತಲೆ ಆದರೆ ಆ ಕತ್ತಲೇಲಿ ಹೊಗೆ ಕುಡಿಯೋಳು ಒಬ್ಬ ಹೆಣ್ಣುಮಗಳು, ಜಗಳ ಬೆಳೆಯೋದು ಮೂರು ತಲೆಮಾರು. ಎರಡು ಕಡೆಗೂ ಸೂರಿನ ಹತ್ತಿರ ಗಾಳಿಗಂಡಿ ಇಡಿಸಿ, ಇಲ್ಲಾಂದರೆ ಒಂದು ಕಡೆ ಅಡಿಗೆಮನೇನ ಹೊರಕ್ಕೆ ಚಾಚಿ ಕಟ್ಟಿ. ಎರಡು ಸಾವಿರ ಇಟ್ಟಿಗೆ ಹೆಚ್ಚಾಗಬಹುದು, ಸಂಬಂಧ ಉಳಿಯುತ್ತೆ.

ಆಳುಕಾಳು ಇರೋ ಮನೆ. ಕಾಯಿ ಕೀಳಿಸೋ ದಿನ, ಸುಲಿಸೋ ದಿನ, ಕೊಬ್ಬರಿ ಒಡೆಸೋ ದಿನ ಹತ್ತು ಹದಿನೈದು ಜನಕ್ಕೆ ಮುದ್ದೆ ಆಗಬೇಕು. ಆ ಪಾತ್ರೇನ ಸ್ಟೌವಿಂದ ಇಳಿಸೋದು ಒಬ್ಬ ಹೆಂಗಸಿನ ಕೈಲಿ ಆಗೋ ಮಾತಲ್ಲ, ಮೈಮೇಲೆ ಚೆಲ್ಲಿದರೆ ಏನು ಗತಿ? ಇಂಥವರಿಗೆ ಸೌದೆ ಒಲೆಯೇ ಸರಿ. ಆದರೆ ಕೊಳವೆ ಇರೋ ಒಲೆ, ಒಂದಡಿ ಎತ್ತರದಲ್ಲಿ, ಪಾತ್ರೆ ಇಳಿಸದೆ ಅಲ್ಲೇ ತಿರುವೋ ಹಾಗೆ ಗಟ್ಟಿಯಾಗಿ ಕಟ್ಟಿರಬೇಕು. ನಾವು ಹಿತ್ತಲ ಕಡೆ ಮೂರು ಗೋಡೆ ಹಾಕಿ ಅಂಥದ್ದೊಂದು ಮಾಡ್ಕೊಂಡಿದೀವಿ. ಕೊಳವೆ ಸೂರಿಗಿಂತ ಮೂರಡಿ ಮೇಲಕ್ಕಿದೆ, ಮಳೆ ನೀರು ಇಳಿಯದ ಹಾಗೆ ಟೋಪಿ ಇದೆ. ತೆಂಗಿನ ಗರಿ, ಮಟ್ಟೆ, ಹೊಂಬಾಳೆ ಬಹಳ ಮಸಿ ಕಟ್ಟುತ್ತೆ, ತಿಂಗಳಿಗೊಂದು ಸಲ ಕೊಳವೆ ಒಳಗೆ ಉದ್ದನೆ ಗಳಕ್ಕೆ ಗೋಣಿ ಸುತ್ತಿ ಎಳೀರಿ. ಅದು ಗಂಡಸರ ಕೆಲಸ ಅಂತ ನಮ್ಮ ಮನೇಲಿ ತೀರ್ಮಾನ ಆಗಿದೆ. ಚಿಪ್ಪು ಮಾತ್ರ ಒಲೆಗೆ ಹಾಕಬೇಡಿ, ಇದ್ದಿಲು ಮಾಡೋರು ಒಳ್ಳೇ ರೇಟ್ ಕೊಡ್ತಿದಾರೆ.

ಕೊನೆಗೆ, ಕೆಲಸ ಶುರು ಮಾಡೋ ಮುಂಚೆ ನೋಡಬೇಕಾದ ನಾಲ್ಕು ವಿಷಯ.

1. ಹಳೇ ಮನೆಗಳಲ್ಲಿ ಅಡಿಗೆಮನೆ ಮೇಲೇ ಕಾಯಿ ಅಟ್ಟ ಇರುತ್ತೆ. ಉಂಡೆ ಕೊಬ್ಬರಿ ಆಗೋಕೆ ಕಾಯಿ ಹತ್ತು ಹನ್ನೊಂದು ತಿಂಗಳು ನೆರಳಲ್ಲಿ ಕೂರಬೇಕು. ನಡುವೆ ಇಳಿಸಿ, ಹೊರಗೆ ಹಾಕಿ, ಮತ್ತೆ ಏರಿಸಿದರೆ ಕೂಲಿಯೂ ದಂಡ, ಮಳೆ ಬಿದ್ದರೆ ಮಾಲೂ ದಂಡ. ಅಟ್ಟ ಖಾಲಿಯಾದ ವಾರವೇ ಕೆಲಸ ಹಿಡಿಯಿರಿ.

2. ನಮ್ಮ ಕೆಂಪು ಮಣ್ಣಲ್ಲಿ ಗೆದ್ದಲು ಜಾಸ್ತಿ. ಪ್ಲೈವುಡ್ ಕಬೋರ್ಡು ಎರಡು ಮಳೆಗಾಲದಲ್ಲಿ ಒಳಗೊಳಗೇ ಟೊಳ್ಳಾಗಿದ್ದು ನೋಡಿದೀನಿ. ಕಡಪ ಕಲ್ಲಿನ ಗೂಡು ಕಟ್ಟಿಸಿ, ಬಾಗಿಲು ಬೇಕಾದರೆ ಆಮೇಲೆ ಹಾಕಿಸಿ. ನಮ್ಮದಕ್ಕೆ ಬಾಗಿಲಿಲ್ಲ. ರಾಗಿ ಹಿಟ್ಟಿನ ಡಬ್ಬ, ಖಾರದ ಪುಡಿ, ಎಲ್ಲ ಕಣ್ಣಿಗೆ ಕಾಣುತ್ತೆ.

3. ಪಾತ್ರೆ ತೊಳೆಯೋ ಕಲ್ಲು ಹೊರಗೆ ನೆರಳಲ್ಲಿರಲಿ, ಅದೂ ನಿಂತು ತೊಳೆಯೋ ಎತ್ತರಕ್ಕೆ. ಮುದ್ದೆ ಪಾತ್ರೆ ಸಿಂಕಲ್ಲಿ ಹಿಡಿಸಲ್ಲ, ಹಿಟ್ಟಿನ ಚೂರು ಪೈಪು ಕಟ್ಟಿಸುತ್ತೆ. ಆ ನೀರು ಬಾಳೆ ಬುಡಕ್ಕೆ ಹೋಗಲಿ.

4. ಖರ್ಚು. ನಮ್ಮದು ಒಳಗಿನ ಮೂರು ಕಟ್ಟೆ, ಗೂಡು, ಹಿತ್ತಲ ಒಲೆ, ಕೊಳವೆ, ತೊಳೆಯೋ ಕಲ್ಲು, ಕೂಲಿ ಎಲ್ಲ ಸೇರಿ 1 ಲಕ್ಷ 35 ಸಾವಿರ ಆಯ್ತು. ಕೊಬ್ಬರಿ ರೇಟು ಇವತ್ತಿದ್ದ ಹಾಗೆ ನಾಳೆ ಇರಲ್ಲ, 2023 ಮರೀಬೇಡಿ. ಸಾಲ ಮಾಡಿ ಕಬೋರ್ಡು ಹಾಕಿಸಬೇಡಿ.

ನಾವು ಗಂಡಸರು ಬೋರಿಗೆ ಪಾಯಿಂಟ್ ನೋಡಿಸೋಕೆ ನಾಲ್ಕು ಜನರನ್ನ ಕರೆಸ್ತೀವಿ. ನೇಗಿಲ ಮೇಣಿ ನಮ್ಮ ಕೈಗೆ ಹೊಂದದಿದ್ದರೆ ಮಾಡಿದೋನಿಗೆ ವಾಪಸ್ ಕೊಡ್ತೀವಿ. ಅಡಿಗೆಮನೆಗೆ ಮಾತ್ರ ಮೇಸ್ತ್ರಿ ನಮ್ಮನ್ನ ಕೇಳ್ತಾನೆ, ನಾವು ಪಕ್ಕದ ಮನೆ ಥರ ಮಾಡಪ್ಪ ಅಂತೀವಿ. ಈ ಸಲ ಮೇಸ್ತ್ರಿ ಬಂದಾಗ ಟೇಪಿನ ಜೊತೆ ಹಿಟ್ಟಿನ ಕೋಲು, ದಿನಾ ಬಳಸೋ ದೊಡ್ಡ ಪಾತ್ರೆ, ತುರೆಮಣೆ ಹೊರಗೆ ತೆಗೆಸಿ. ಅಡಿಗೆ ಮಾಡೋರೆಲ್ಲ ಅಲ್ಲಿ ನಿಲ್ಲಲಿ, ವಯಸ್ಸಾದವರಿದ್ದರೆ ಅವರನ್ನ ಮೊದಲು ಕೂರಿಸಿ ಅಳೀರಿ.

ನಿಮ್ಮ ಮನೇಲಿ ಮುದ್ದೆ ತಿರುವೋಕೆ ಬೇರೆ ಏನಾದರೂ ಉಪಾಯ ಮಾಡಿದ್ದರೆ ಅಳತೆ ಸಮೇತ ಬರೀರಿ. ಹಂದನಕೆರೆ ಕಡೆ ಒಬ್ಬರು ಕವೆಗೋಲಿನ ಬದಲು ಕಬ್ಬಿಣದ ಬಳೆ ಕಟ್ಟೆಗೇ ಕೂರಿಸಿದಾರಂತೆ, ಬಿಡುವಾದಾಗ ಹೋಗಿ ನೋಡ್ಕೊಂಡು ಬಂದು ಫೋಟೋ ಹಾಕ್ತೀನಿ.